ಭಟ್ಕಳದಲ್ಲಿ ಒಂದು ದಿನ: ಬಂದರು, ಬಸದಿ ಮತ್ತು ಒಂದು ಹೆಸರಿನ ಕಥೆ

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಸಹ್ಯಾದ್ರಿಯ ಸಾಲು ಕಡಲಿನತ್ತ ತೀರ ಹತ್ತಿರ ಸರಿದು ಬರುವ ಕಡೆ ಭಟ್ಕಳವಿದೆ. ಹೆದ್ದಾರಿಯಲ್ಲಿ ಸಾಗುವವರಿಗೆ ಇದು ಚಹಾಕ್ಕೆ ನಿಲ್ಲುವ ಪೇಟೆ. ಪ್ರವಾಸಿಗರಿಗೆ ಮುರ್ಡೇಶ್ವರದ ದಾರಿಯಲ್ಲಿ ಕಾಣುವ ಒಂದು ನಾಮಫಲಕ. ಸುಮಾರು 15 ಕಿ.ಮೀ. ಉತ್ತರಕ್ಕಿರುವ ಮುರ್ಡೇಶ್ವರದಲ್ಲಿ 123 ಅಡಿ ಎತ್ತರದ ಶಿವನ ವಿಗ್ರಹವಿದೆ, ಇಪ್ಪತ್ತು ಅಂತಸ್ತಿನ ಗೋಪುರವಿದೆ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಕಡಲಾಳಕ್ಕೆ ಮುಳುಗಿ ಬರುವ ಏರ್ಪಾಡೂ ಇದೆ. ಜನ ಅತ್ತ ಹೋಗುವುದು ಸಹಜ. ಆದರೆ ಕನ್ನಡ ಸಾಹಿತ್ಯವನ್ನೂ ಕರಾವಳಿಯ ಇತಿಹಾಸವನ್ನೂ ಓದುವ ವಿದ್ಯಾರ್ಥಿ ಒಂದು ಹಗಲನ್ನು ಭಟ್ಕಳಕ್ಕೇ ಮೀಸಲಿಟ್ಟರೆ, ಗ್ರಂಥಾಲಯದಲ್ಲಿ ಬಿಡಿಬಿಡಿಯಾಗಿ ಓದಿದ ಅನೇಕ ಸಂಗತಿಗಳು ಒಂದೇ ಊರಿನ ಓಣಿಗಳಲ್ಲಿ ಕೂಡಿಕೊಳ್ಳುವುದನ್ನು ಕಾಣಬಹುದು.

ಈ ಊರನ್ನು ನೋಡುವ ಕ್ರಮದಲ್ಲೇ ಒಂದು ತೊಡಕಿದೆ. ಜೈನ ಯಾತ್ರಿಕರು ಬಸದಿಯನ್ನು ನೋಡಿ ಮರಳುತ್ತಾರೆ. ವಾಸ್ತುಶಿಲ್ಪದ ಆಸಕ್ತರು ಖೇತಪೈ ನಾರಾಯಣ ದೇವಾಲಯದ ಭಿತ್ತಿಶಿಲ್ಪಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನವಾಯತರ ಚರಿತ್ರೆ ಬರೆಯುವವರು ಮಸೀದಿಗಳಲ್ಲಿ ನಿಲ್ಲುತ್ತಾರೆ. ಒಂದನ್ನು ಕಂಡವರು ಇನ್ನೊಂದನ್ನು ಕಾಣುವುದು ವಿರಳ. ಹೀಗಾಗಿ ಕಾಲ್ನಡಿಗೆಯಲ್ಲಿ ಸುತ್ತಿ ಬರಬಹುದಾದ ಒಂದು ಪುಟ್ಟ ಊರು ಪುಸ್ತಕಗಳಲ್ಲಿ ಮೂರು ಊರುಗಳಾಗಿ ಒಡೆದುಹೋಗಿದೆ. ಈ ಮೂರನ್ನೂ ಹುಟ್ಟಿಸಿದ ತಾಯಿಬೇರು ಬಂದರು. ಆದ್ದರಿಂದ ದಿನವನ್ನು ಬಂದರಿನಿಂದಲೇ ತೊಡಗಿಸುವುದು ಯೋಗ್ಯ.

ಬೆಳಗಿನ ಹೊತ್ತು ಬಂದರಿನಲ್ಲಿ ಮೀನುಗಾರಿಕೆಯ ದೋಣಿಗಳು ಮರಳುತ್ತಿರುತ್ತವೆ. ಹೊಳೆ ಕಡಲನ್ನು ಸೇರುವ ಆ ಅಳಿವೆಯನ್ನೂ ಅದರ ಪಕ್ಕದ ಗುಡ್ಡಗಳನ್ನೂ ನೋಡಿದವರಿಗೆ, ವಿಜಯನಗರದಂಥ ಸಾಮ್ರಾಜ್ಯದ ಮುಖ್ಯ ರೇವುಗಳಲ್ಲಿ ಇದೂ ಒಂದಾಗಿತ್ತೆಂದರೆ ಮೊದಲಿಗೆ ನಂಬಿಕೆ ಬಾರದು. 16ನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಲುಡೊವಿಕೊ ಡಿ ವರ್ತೇಮನಿಗೂ ಇದೇ ಬೆರಗು ಆಗಿದ್ದಂತೆ ತೋರುತ್ತದೆ. ಊರು ಕಡಲಿನಿಂದ ಸುಮಾರು ಒಂದು ಮೈಲಿ ಒಳಗಿದೆ, ಕೋಟೆಗೋಡೆಯಿಂದ ಕೂಡಿದೆ, ಅದನ್ನು ಸೇರಲು ಒಂದು ಸಣ್ಣ ಹೊಳೆಯೇ ದಾರಿ, ಆದರೂ ಅದು ಬಹು ದೊಡ್ಡ ವ್ಯಾಪಾರದ ಸ್ಥಳ, ಅಲ್ಲಿ ಅಕ್ಕಿಯೂ ಸಕ್ಕರೆಯೂ ಹೇರಳ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಅಲ್ಲಿಯ ಅರಸ ವಿಜಯನಗರದ ದೊರೆಗೆ ಅಧೀನನೆಂಬುದನ್ನೂ ಅವನು ಗುರುತಿಸುತ್ತಾನೆ. ಅಳಿವೆಯ ಬಳಿ ನಿಂತು ಊರಿನ ದಿಕ್ಕಿಗೆ ಹೊಳೆಯಗುಂಟ ಕಣ್ಣು ಹಾಯಿಸಿದರೆ ವರ್ತೇಮನ ವಿವರಣೆ ಇಂದಿಗೂ ಹೊಂದುತ್ತದೆ. ಕಡಲಿಗೆ ನೇರವಾಗಿ ಮುಖ ಕೊಡದೆ, ಹೊಳೆಯ ಒಳಗೆ ಅವಿತುಕೊಂಡು, ಘಟ್ಟಕ್ಕೆ ಬೆನ್ನು ಕೊಟ್ಟು ಕುಳಿತ ಪೇಟೆ ಇದು. ಕಡಲಗಳ್ಳರಿಂದಲೂ ಮುಂಗಾರಿನ ತೆರೆಯಿಂದಲೂ ದೂರವಿರಬೇಕಾಗಿದ್ದ ಪಶ್ಚಿಮ ಕರಾವಳಿಯ ಹಳೆಯ ರೇವುಗಳಿಗೆಲ್ಲ ಈ ಲಕ್ಷಣ ಸಮಾನ.

ಈ ಹೊಳೆಯ ಮೂಲಕ ಒಳಗೆ ಬಂದ ಸರಕುಗಳಲ್ಲಿ ಕುದುರೆಯೇ ಮುಖ್ಯವಾದುದು. ದಖ್ಖನಿನಲ್ಲಿ ಉತ್ತಮ ಯುದ್ಧಾಶ್ವಗಳ ತಳಿ ಬೆಳೆಯಲಿಲ್ಲ. ಬಹಮನಿಗಳಿಗೂ ವಿಜಯನಗರಕ್ಕೂ ಅವು ಕಡಲಾಚೆಯಿಂದಲೇ ಬರಬೇಕಾಗಿತ್ತು. ಹೊರ್ಮುಜಿನಿಂದ ಹೊರಟ ಹಡಗುಗಳು ಕುದುರೆಗಳನ್ನೂ ಮುತ್ತುಗಳನ್ನೂ ಭಟ್ಕಳಕ್ಕೆ ತರುತ್ತಿದ್ದವೆಂದೂ, ಇಲ್ಲಿಂದ ಅಕ್ಕಿ, ಕಬ್ಬಿಣ, ಸಕ್ಕರೆ, ಸಂಬಾರ ಪದಾರ್ಥಗಳನ್ನು ಒಯ್ಯುತ್ತಿದ್ದವೆಂದೂ ಪೋರ್ತುಗೀಸ್ ಬರಹಗಾರ ದುಆರ್ತೆ ಬರ್ಬೋಸನಿಂದ ತಿಳಿಯುತ್ತದೆ. ಕುದುರೆಗಾಗಿ ವಿಜಯನಗರದ ಅರಸರು ಯಾವ ಮಟ್ಟಕ್ಕೆ ಹೋಗುತ್ತಿದ್ದರೆಂಬುದಕ್ಕೆ ನೂನಿಜ್ ಹೇಳುವ ಒಂದು ಸಂಗತಿ ಸಾಕು: ಸಾಳುವ ನರಸಿಂಹನು ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದನಂತೆ; ಪ್ರಯಾಣದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ಒಪ್ಪಿಸಿದರೂ ವರ್ತಕನಿಗೆ ಹಣ ಸಲ್ಲುತ್ತಿತ್ತು. ವರ್ತಕನ ನಷ್ಟವನ್ನು ರಾಜ್ಯವೇ ಹೊತ್ತುಕೊಂಡ ವ್ಯವಸ್ಥೆ ಇದು. ಇಂದಿನ ಭಾಷೆಯಲ್ಲಿ ಇದನ್ನು ವಿಮೆ ಎನ್ನಬಹುದು. ಘಟ್ಟ ಹತ್ತಿ ಹಂಪೆಗೆ ಸಾಗುವ ಹೇರೆತ್ತುಗಳ ಸಾಲುಗಳನ್ನು ಡೊಮಿಂಗೊ ಪಾಯೆಸ್ ಕೂಡ ಈ ಭಟ್ಕಳದ ದಾರಿಯ ಸಂದರ್ಭದಲ್ಲೇ ನೆನೆಯುತ್ತಾನೆ. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಸಾಲಾಗಿ ನಡೆಯುವ ಕುದುರೆಗಳನ್ನು ನೋಡಿದವರು ಆ ಸಾಲಿನ ಮೊದಲ ತುದಿ ಇಂಥ ಅಳಿವೆಗಳಲ್ಲಿ ಇದ್ದುದನ್ನು ನೆನೆಯುವುದಿಲ್ಲ.

ಭಟ್ಕಳದ ಭಾಗ್ಯ ಕುದುರೆಯಿಂದ ಬಂದಂತೆ ಅದರ ಸಂಕಟವೂ ಅದೇ ಕಡಲಿನಿಂದ ಬಂತು. 1502ರಲ್ಲಿ ತನ್ನ ಎರಡನೆಯ ಯಾತ್ರೆಯಲ್ಲಿ ಬಂದ ವಾಸ್ಕೊ ಡ ಗಾಮನು ಈ ಬಂದರಿನ ಮೇಲೆ ಏರಿಬಂದು, ಪ್ರತಿವರ್ಷ ಅಕ್ಕಿಯ ರೂಪದಲ್ಲಿ ಕಪ್ಪ ಸಲ್ಲಬೇಕೆಂದು ಗೊತ್ತುಮಾಡಿದನು. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದ ಮೇಲೆ ಕುದುರೆ ಹೊತ್ತ ಹಡಗುಗಳನ್ನು ಅಲ್ಲಿಗೇ ತಿರುಗಿಸುವುದು ಪೋರ್ತುಗೀಸರ ನೀತಿಯಾಯಿತು. ಭಟ್ಕಳದಲ್ಲಿ ಕೋಟೆ ಕಟ್ಟಲು ಅವನು ಕೃಷ್ಣದೇವರಾಯನಲ್ಲಿ ಅನುಮತಿ ಬೇಡಿದ್ದನು; ಗೋವೆ ಕೈಸೇರಿದ ಬಳಿಕ ಆ ಕೋಟೆಯ ಅಗತ್ಯ ಉಳಿಯಲಿಲ್ಲ. 1542ರಲ್ಲಿ ಕಪ್ಪದ ವಿಷಯದಲ್ಲೇ ಜಗಳ ಹುಟ್ಟಿ, ಗವರ್ನರ್ ಮಾರ್ತಿಂ ಆಫೊನ್ಸೊ ಡಿ ಸೋಜ ಊರನ್ನು ಸೂರೆಮಾಡಿ ಸುಟ್ಟನು. ಆಗ ಭಟ್ಕಳವನ್ನು ಆಳುತ್ತಿದ್ದವಳು ಒಬ್ಬ ರಾಣಿ ಎಂಬುದನ್ನು ಪೋರ್ತುಗೀಸರ ದಾಖಲೆಗಳೇ ಹೇಳುತ್ತವೆ.

ಬಂದರಿನಿಂದ ಊರೊಳಗೆ ಬರುವಾಗ ಈ 1542ನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಊರಿನಲ್ಲಿರುವ ಪಾರ್ಶ್ವನಾಥ ಬಸದಿ ಶಕ 1465ರಲ್ಲಿ, ಎಂದರೆ ಕ್ರಿ.ಶ. 1543ರಲ್ಲಿ ಕಟ್ಟಿದ್ದೆಂದು ಗೆಜೆಟಿಯರ್ ದಾಖಲಿಸುತ್ತದೆ. ಊರು ಸುಟ್ಟ ಮರುವರ್ಷ! ಒಂದರಿಂದ ಇನ್ನೊಂದು ಹುಟ್ಟಿತೆಂದು ವಾದಿಸುವುದು ಅವಸರದ ಮಾತಾದೀತು. ಆದರೆ ಊರಿನ ವರ್ತಕರ ಕೈಯಲ್ಲಿ ಹಣವೂ ಮನಸ್ಸಿನಲ್ಲಿ ಊರು ಉಳಿಯುವ ಭರವಸೆಯೂ ಇದ್ದವೆಂಬುದಕ್ಕೆ 58 ಅಡಿ ಉದ್ದ, 18 ಅಡಿ ಅಗಲದ ಈ ಪುಟ್ಟ ಕಟ್ಟಡ ಸಾಕ್ಷಿ ನುಡಿಯುತ್ತದೆ. ಭಟ್ಕಳದ ದೇವಾಲಯಗಳಲ್ಲಿ ಹಲವು ಇದೇ ಶತಮಾನದವು ಎಂಬುದನ್ನು ಇದರೊಡನೆ ಕೂಡಿಸಿ ನೋಡಬೇಕು. ಗೋವೆಯ ಏಳಿಗೆಯೊಡನೆ ಭಟ್ಕಳ ಮುಗಿದುಹೋಯಿತೆಂದು ವ್ಯಾಪಾರದ ಇತಿಹಾಸ ಬರೆಯುವವರು ಹೇಳುವುದುಂಟು. ಇಲ್ಲಿಯ ಕಲ್ಲುಗಳು ಆ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಕುದುರೆ ಹೋದರೂ ಅಕ್ಕಿ, ಮೆಣಸು ಉಳಿದಿದ್ದವು.

ಊರಿನ ಬಸದಿಗಳಲ್ಲಿ ದೊಡ್ಡದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಉದ್ದ 112 ಅಡಿ, ಅಗಲ 40 ಅಡಿ. ಅಗ್ರಶಾಲೆ, ಭೋಗಮಂಟಪ ಎಂಬ ಎರಡು ಭಾಗಗಳು. ಅಗ್ರಶಾಲೆಗೆ ಎರಡು ಅಂತಸ್ತು. ಮುಂದೆ ಏಕಶಿಲೆಯ ಮಾನಸ್ತಂಭ, ಹಿಂದೆ ಯಕ್ಷಬ್ರಹ್ಮನ ಕಂಬ. ಬೇಲೂರು ಹಳೇಬೀಡುಗಳ ಕುಸುರಿಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಶೆಯಾಗುತ್ತದೆ. ಇದರ ಸೊಗಸು ಬೇರೆಯದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಕಲ್ಲಿನ ಕಟ್ಟಡ ಬಾಳಬೇಕಾದರೆ ನೀರು ನಿಲ್ಲಬಾರದು. ಅದಕ್ಕಾಗಿ ಇಲ್ಲಿಯ ಶಿಲ್ಪಿಗಳು ಹುಲ್ಲು ಹೊದೆಸಿದ ಮರದ ಮನೆಯ ಮಾಡನ್ನು ಕಲ್ಲಿಗೆ ಇಳಿಸಿದರು. ಇಳಿಜಾರಾಗಿ ಒಂದರ ಮೇಲೊಂದು ಹಾಸಿದ ಕಲ್ಲಿನ ಚಪ್ಪಡಿಗಳು, ಗೋಡೆಗೆ ಬದಲು ಕಲ್ಲಿನ ಅಡ್ಡಪಟ್ಟಿಗಳಿಂದ ಹೆಣೆದಂತಿರುವ ಜಾಲಂಧ್ರಗಳು, ಒಳಗೆ ಮಬ್ಬು ಬೆಳಕು. ಬಡಗಿಯ ಕೆಲಸವನ್ನು ಕಲ್ಲುಕುಟಿಗ ಮಾಡಿದಂತಿದೆ. ಮೂಡುಬಿದಿರೆಯ ಬಸದಿಗಳನ್ನು ನೋಡಿದವರಿಗೆ ಈ ಕಟ್ಟೋಣ ಅಪರಿಚಿತವಲ್ಲ.

ಈ ಬಸದಿಯ ಕೋಣೆಗಳಲ್ಲಿ ಹಿಂದೆ ಇದ್ದ ಬಿಂಬಗಳನ್ನು ಅರ, ಮಲ್ಲಿ, ಮುನಿಸುವ್ರತ, ನಮಿ, ಪಾರ್ಶ್ವ ಎಂದು ಹಳೆಯ ವರದಿಗಳು ಪಟ್ಟಿಮಾಡುತ್ತವೆ. ಜೈನ ಮೂರ್ತಿಶಾಸ್ತ್ರ ಓದುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. 18ನೆಯ ತೀರ್ಥಂಕರನಿಂದ 21ನೆಯವನವರೆಗೆ ಕ್ರಮ ತಪ್ಪದೆ ಬಂದ ಪಟ್ಟಿ 22ನೆಯ ನೇಮಿಯನ್ನು ಬಿಟ್ಟು 23ನೆಯ ಪಾರ್ಶ್ವನಿಗೆ ಹಾರುತ್ತದೆ. ನಮಿ, ನೇಮಿಗಳ ಹೆಸರು ಅಕ್ಕಪಕ್ಕ ಬಂದಾಗ ಒಂದನ್ನು ಕೈಬಿಡುವುದು ಹೊರಗಿನಿಂದ ಬಂದ ಬರೆಹಗಾರನಿಗೆ ಸುಲಭದ ತಪ್ಪು. ಮುದ್ರಿತ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪೀಠಗಳನ್ನೂ ಕೋಣೆಗಳನ್ನೂ ಎಣಿಸಿ ನೋಡುವುದು ಕ್ಷೇತ್ರಕಾರ್ಯಕ್ಕೆ ಇಳಿಯುವ ವಿದ್ಯಾರ್ಥಿಗೆ ಒಳ್ಳೆಯ ಮೊದಲ ಪಾಠ.

ಬಸದಿಯಿಂದ ಮೂಡಭಟ್ಕಳದ ಖೇತಪೈ ನಾರಾಯಣ ದೇವಾಲಯಕ್ಕೆ ಬಂದರೆ ಅದೇ ಇಳಿಜಾರು ಮಾಡು, ಅದೇ ಕಲ್ಲಿನ ಜಾಲಂಧ್ರ. ದೇವರು ಮಾತ್ರ ಬೇರೆ. ಇದನ್ನು ಕಟ್ಟಿಸಿದ ಖೇತಪೈ ಕೊಂಕಣಿ ಮಾತಿನ ವೈಷ್ಣವ ವರ್ತಕ ಮನೆತನದವನು. ಗೋಡೆಯ ಕೆಳಪಟ್ಟಿಕೆಯಲ್ಲಿ ಅಂಗೈ ಅಗಲದ ಶಿಲ್ಪಗಳಲ್ಲಿ ರಾಮಾಯಣದ ಕಥೆಯೂ ಕೃಷ್ಣನ ಬಾಲಲೀಲೆಯೂ ಸಾಲಾಗಿ ನಡೆದಿವೆ. ಬೆನ್ನು ಬಾಗಿಸಿ ನಿಧಾನವಾಗಿ ನೋಡಬೇಕಾದ ಶಿಲ್ಪಗಳಿವು. ಬೆಳಗಿನ ಓರೆ ಬಿಸಿಲಿನಲ್ಲಿ ಇವು ಚೆನ್ನಾಗಿ ಕಾಣುತ್ತವೆ, ನಡುಹಗಲಿನಲ್ಲಿ ಕಲ್ಲಿನ ಕಪ್ಪಿನೊಳಗೆ ಅಡಗುತ್ತವೆ. ಕನ್ನಡ ವಿದ್ಯಾರ್ಥಿಗಳು ತೊರವೆ ರಾಮಾಯಣದ ಕಥಾಸಂದರ್ಭಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಟ್ಟಿಕೆಯನ್ನು ಓದಬಹುದು. ಯಾವ ಪ್ರಸಂಗ ಆರಿಸಿಕೊಂಡಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ, ಎಲ್ಲಿ ಶಿಲ್ಪಿ ನಿಂತಿದ್ದಾನೆ, ಎಲ್ಲಿ ಓಡಿದ್ದಾನೆ ಎಂದು ಗುರುತುಹಾಕಿಕೊಂಡರೆ ಒಂದು ಒಳ್ಳೆಯ ಸಂಪ್ರಬಂಧಕ್ಕೆ ಸಾಮಗ್ರಿ ದೊರೆತೀತು. ಹತ್ತಿರದಲ್ಲೇ ಇರುವ ಸಾಂತಪ್ಪ ನಾಯಕ ತಿರುಮಲ ದೇವಾಲಯ, ಜೋಶಿ ಶಂಕರನಾರಾಯಣ ದೇವಾಲಯ ಮುಂತಾದವು ಗಾತ್ರದಲ್ಲಿ ಕಿರಿಯವು, ಆದರೆ ಅವುಗಳ ಹೆಸರನ್ನು ಗಮನಿಸಬೇಕು. ನಾಯಕ, ಪೈ, ಜೋಶಿ ಎಂದು ದೇವರ ಹೆಸರಿನ ಹಿಂದೆ ಕಟ್ಟಿಸಿದವನ ಹೆಸರು ಅಂಟಿಕೊಂಡಿದೆ. ಅರಸರ ಹೆಸರಿನ ಗುಡಿಗಳಲ್ಲ ಇವು, ಪೇಟೆಯ ಜನರ ಗುಡಿಗಳು. ಜೈನ ಅರಸರು ಆಳುತ್ತಿದ್ದ ಸೀಮೆಯಲ್ಲಿ ವೈಷ್ಣವ ವರ್ತಕನೊಬ್ಬ ಇಷ್ಟು ಸಿರಿವಂತ ಗುಡಿಯನ್ನು ಕಟ್ಟಿಸಿದ್ದು ಆ ಕಾಲಕ್ಕೆ ವಿಶೇಷವೆನಿಸಿರಲಾರದು. ಈಗ ಅದನ್ನು ವಿವರಿಸಬೇಕಾಗಿದೆ ಎಂಬುದೇ ವಿಷಾದದ ಸಂಗತಿ.

ನಡುಹಗಲಿನ ಹೊತ್ತಿಗೆ ಪೇಟೆಗೆ ಬರುವುದು ಒಳ್ಳೆಯದು. ಮಾರುಕಟ್ಟೆಯಲ್ಲಿ ಭಟ್ಕಳ ಮಲ್ಲಿಗೆಯ ಮಾಲೆಗಳು ದೊರೆಯುತ್ತವೆ. ಉಡುಪಿ ಮಂಗಳೂರುಗಳವರೆಗೂ ಈ ಹೂವಿಗೆ ಹೆಸರಿದೆ. ಕಣ್ಣಿಗಿಂತ ಕಿವಿಗೆ ಇಲ್ಲಿ ಹೆಚ್ಚು ಕೆಲಸ. ಕನ್ನಡ, ಕೊಂಕಣಿ, ಉರ್ದು ಇವುಗಳ ನಡುವೆ ಕೇಳಿಬರುವ ಇನ್ನೊಂದು ಮಾತು ನವಾಯತಿ. ಅರಬ್, ಪಾರಸಿ ವರ್ತಕರು ಕರಾವಳಿಯಲ್ಲಿ ನೆಲೆನಿಂತು ಬೆಳೆದ ಸಮುದಾಯ ನವಾಯತರದು. ಅವರ ನುಡಿಯ ಮೈಕಟ್ಟು ಕೊಂಕಣಿಯದು, ಶಬ್ದಸಂಪತ್ತಿನಲ್ಲಿ ಅರಬ್ಬಿ ಪಾರಸಿಗಳ ಬೆರಕೆ, ಬರೆಯುವ ಲಿಪಿ ಪಾರಸಿ ಅರಬ್ಬಿಯದು. ಭಾಷಾವಿಜ್ಞಾನದ ತರಗತಿಯಲ್ಲಿ ಭಾಷಾಸಂಪರ್ಕ ಎಂದು ಪಾಠ ಕೇಳಿದವರು ಅದನ್ನು ಅಂಗಡಿಯ ಕಟ್ಟೆಯ ಮೇಲೆ ಕೇಳಬಹುದು. 14ನೆಯ ಶತಮಾನದ ನಡುವಿನಲ್ಲಿ ನೆರೆಯ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತ, ಅಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಈ ಕರಾವಳಿಯ ಮುಸ್ಲಿಂ ವರ್ತಕ ಸಮಾಜ ಎಷ್ಟು ಹಳೆಯದು, ಎಷ್ಟು ನೆಲೆಗೊಂಡದ್ದು ಎಂಬುದನ್ನು ಅಳೆಯಲು ಈ ಎರಡು ಅಂಕಿಗಳು ಸಾಕು. ಭಟ್ಕಳದ ಜಾಮಿಯಾ ಮಸೀದಿಗೆ ಜನ ಕರೆಯುವ ಹೆಸರು ‘ಚಿನ್ನದ ಪಳ್ಳಿ’. ಪಳ್ಳಿ ಎಂಬ ಮಾತನ್ನು ಕನ್ನಡ ಮತ್ತು ತಮಿಳಿನ ಹಳೆಯ ಶಾಸನಗಳನ್ನು ಓದಿದವರು ಬಲ್ಲರು: ತಮಿಳುನಾಡಿನಲ್ಲಿ ಜೈನ ಬಸದಿಗಳಿಗೂ ಮುನಿಗಳ ನೆಲೆಗಳಿಗೂ ಇದೇ ಹೆಸರು. ಒಂದೇ ಪದ ಎರಡು ಧರ್ಮಗಳ ಪೂಜಾಸ್ಥಾನಕ್ಕೆ ಸಂದಿದೆ.

1801ರಲ್ಲಿ ಈ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕಾನನ್ ಕಂಡ ಭಟ್ಕಳ ಸುಮಾರು 500 ಮನೆಗಳ ಊರು, ಎರಡು ಮಸೀದಿಗಳು, ಇಲ್ಲಿಯ ಮುಸ್ಲಿಂ ವರ್ತಕರು ಕರಾವಳಿಯ ಉದ್ದಕ್ಕೂ ವ್ಯಾಪಾರಕ್ಕೆ ಹೋಗುತ್ತಾರೆ, ಆದರೆ ಮನೆ ಇಲ್ಲಿ, ಸಂಸಾರವನ್ನು ಇಲ್ಲೇ ಬಿಟ್ಟು ಹೋಗುತ್ತಾರೆ ಎಂದು ಅವನು ಗುರುತಿಸಿದ್ದಾನೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಮನೆಗಳಿಂದ ತುಂಬಿದ ಇಂದಿನ ಓಣಿಗಳಲ್ಲಿ ನಡೆಯುವಾಗ ಈ ವಾಕ್ಯ ಎರಡು ಶತಮಾನ ಹಿಂದಿನದೆಂದು ಅನ್ನಿಸುವುದಿಲ್ಲ. ಊರಿನ ಹೊಳೆಯ ಹೆಸರನ್ನು ಬುಕಾನನ್ ತನ್ನ ಇಂಗ್ಲಿಷ್ ಕಾಗುಣಿತದಲ್ಲಿ ಬರೆದುಕೊಂಡದ್ದು ಕನ್ನಡ ಬಲ್ಲವರಿಗೆ ‘ಸಂಕದ ಹೊಳೆ’ ಎಂದು ಒಡನೆ ಹೊಳೆಯುತ್ತದೆ. ಸಂಕ ಎಂದರೆ ಕಾಲುಸೇತುವೆ. ಕರಾವಳಿಯಲ್ಲಿ ಇಂದಿಗೂ ಬಳಕೆಯ ಮಾತು.

ಬುಕಾನನ್ ಹೇಳುವ ಇನ್ನೊಂದು ಸಂಗತಿ ಊರಿನ ಹೆಸರಿಗೆ ಸಂಬಂಧಿಸಿದೆ. ಭಟ್ಕಳ ಎಂಬ ಹೆಸರು ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನಿಂದ ಬಂತೆಂಬ ಮಾತು ಜನಜನಿತ. ಗೆಜೆಟಿಯರಿನಿಂದ ಹಿಡಿದು ಪ್ರವಾಸಿ ಕೈಪಿಡಿಗಳವರೆಗೆ ಇದನ್ನು ಕಾಣಬಹುದು. ಜೈನರಿಗೆ ಹೆಮ್ಮೆಯ ವಿಷಯವಾದ್ದರಿಂದ ಜೈನ ಬರಹಗಳಲ್ಲಿಯೂ ಇದು ಪರೀಕ್ಷೆಯಿಲ್ಲದೆ ಮತ್ತೆ ಮತ್ತೆ ಬರುತ್ತದೆ. ಆದರೆ ಇದು ನಿಲ್ಲುವ ಮಾತಲ್ಲ. ‘ಶಬ್ದಾನುಶಾಸನ’ ರಚಿತವಾದುದು ಶಕ 1526, ಕ್ರಿ.ಶ. 1604ರಲ್ಲಿ. ವರ್ತೇಮ, ಬರ್ಬೋಸ ಮತ್ತು ಪೋರ್ತುಗೀಸ್ ನಾವಿಕರು ಅದಕ್ಕೆ ನೂರು ವರ್ಷ ಮೊದಲೇ ಈ ಊರನ್ನು ಇದೇ ಹೆಸರಿನಿಂದ ಕರೆದಿದ್ದಾರೆ. ಮಗ ಹುಟ್ಟುವ ಮೊದಲೇ ಅವನ ಹೆಸರನ್ನು ಊರಿಗೆ ಇಟ್ಟಂತಾಯಿತು. 8ನೆಯ ಶತಮಾನದ ತಾರ್ಕಿಕ ಅಕಲಂಕನ ಹೆಸರಿಗೆ ಹಿಂದೆ ಸರಿಯುವುದೂ ಕಾಲದ ತೊಡಕನ್ನು ದಾಟಲು ಹೂಡುವ ಉಪಾಯವೇ ಹೊರತು ಆಧಾರವಲ್ಲ. ಬುಕಾನನ್ನನಿಗೆ ಸ್ಥಳೀಯರು ಹೇಳಿದ ಅರ್ಥ ಬೇರೆ: ‘ದುಂಡನೆಯ ಊರು’. ಕನ್ನಡದಲ್ಲಿ ‘ಬಟ್ಟ’ ಎಂದರೆ ದುಂಡು, ಅದು ಸಂಸ್ಕೃತ ‘ವೃತ್ತ’ದ ತದ್ಭವ, ‘ಬಟ್ಟಲು’ ಎಂಬಲ್ಲಿ ಅದರ ನೆರಳನ್ನು ಇಂದಿಗೂ ಗುರುತಿಸಬಹುದು. ಸುತ್ತಲೂ ಗುಡ್ಡಗಳಿಂದ ಆವೃತವಾದ ಬಟ್ಟಲಿನಂಥ ಕಣಿವೆಯಲ್ಲಿ ಊರು ಕುಳಿತಿರುವುದನ್ನು ನೋಡಿದವರಿಗೆ ಈ ಅರ್ಥ ಅಸಹಜವೆನಿಸದು. ಇದೇ ನಿರ್ಣಯವೆಂದು ಹಟ ಬೇಡ. ಆದರೆ ತದ್ಭವದ ದಾರಿಯನ್ನು ಚೆನ್ನಾಗಿ ಬಲ್ಲ ವೈಯಾಕರಣನಾದ ಭಟ್ಟಾಕಳಂಕನೇ ಈ ಎರಡು ನಿಷ್ಪತ್ತಿಗಳನ್ನು ತೂಗಿ ನೋಡಿದ್ದರೆ ತನ್ನ ಹೆಸರಿನ ಕಡೆಗೆ ವಾಲುತ್ತಿರಲಿಲ್ಲವೆಂದು ಭಾವಿಸಬಹುದು.

ಹುಸಿ ಸಂಬಂಧವನ್ನು ಬಿಟ್ಟುಕೊಟ್ಟರೆ ನಷ್ಟವಿಲ್ಲ; ಅದಕ್ಕಿಂತ ಗಟ್ಟಿಯಾದ ನಿಜಸಂಬಂಧವೊಂದು ಕಾಣಿಸುತ್ತದೆ. ಅದನ್ನು ನೋಡಲು ಮಧ್ಯಾಹ್ನದ ಬಳಿಕ ಊರು ಬಿಟ್ಟು ಘಟ್ಟದ ಕಡೆಗೆ, ಸುಮಾರು 18 ಕಿ.ಮೀ. ಒಳಗಿರುವ ಹಾಡುವಳ್ಳಿಗೆ ಹೋಗಬೇಕು. ಹೊರಡುವ ಮುನ್ನ ಇಂಗ್ಲಿಷರ ವಿಷಯ ಒಂದು ಮಾತು. 1637ರಲ್ಲಿ ಕೋರ್ಟೀನ್ ಸಂಘದ ಹಡಗುಗಳು ಮೆಣಸಿಗಾಗಿ ಇಲ್ಲಿಗೆ ಬಂದವು. ಆ ತಂಡದ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಕೆಳದಿ ವೀರಭದ್ರ ನಾಯಕನ ರಾಜಧಾನಿಯ ವಿವರಣೆ ಬರೆದನು. ಒಬ್ಬ ಇಂಗ್ಲಿಷನ ನಾಯಿ ದೇವರ ಹಸುವನ್ನು ಕೊಂದದ್ದರಿಂದ ರೊಚ್ಚಿಗೆದ್ದ ಜನ 18 ಮಂದಿ ಇಂಗ್ಲಿಷರನ್ನು ಕೊಂದರೆಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ 18ನೆಯ ಶತಮಾನದಲ್ಲಿ ಬರೆದ ಕಥೆಯೂ ಪ್ರಸಿದ್ಧ. ಅವನು ಅದನ್ನು 1670ರ ಸಂಗತಿ ಎನ್ನುತ್ತಾನೆ. ಗೆಜೆಟಿಯರ್ ಇಲ್ಲಿ ಗುರುತಿಸಿದ ಇಂಗ್ಲಿಷ್ ಗೋರಿಕಲ್ಲುಗಳ ಮೇಲಿದ್ದುದು 1637–38ರ ಸುಮಾರಿನ ಕಾಲ. ರೋಚಕವಾದ ಕಥೆ ಕಲ್ಲಿನ ಬರಹಕ್ಕಿಂತ ಹೆಚ್ಚು ದೂರ ಓಡುತ್ತದೆ.

ಹಾಡುವಳ್ಳಿಯ ದಾರಿ ಅಡಿಕೆ ತೋಟಗಳ ನಡುವೆ ಹಾದುಹೋಗುತ್ತದೆ. ಅಡಿಕೆ ಮರಗಳನ್ನು ತಬ್ಬಿ ಮೆಣಸಿನ ಬಳ್ಳಿಗಳು ಹಬ್ಬಿವೆ. ಹಡಗುಗಳನ್ನು ಹೊರ್ಮುಜಿನಿಂದಲೂ ಲಿಸ್ಬನ್ನಿನಿಂದಲೂ ಎಳೆದು ತಂದ ಸರಕು ಬೆಳೆದದ್ದು ಈ ನೆರಳಿನಲ್ಲಿ. ಸಂಸ್ಕೃತದಲ್ಲಿ ಸಂಗೀತಪುರವೆನಿಸಿದ ಹಾಡುವಳ್ಳಿಯೂ, ನಗಿರೆ ಅಥವಾ ಗೇರುಸೊಪ್ಪೆಯೂ ಜೈನ ಸಾಳುವ ಅರಸರ ಎರಡು ನೆಲೆಗಳು. ಘಟ್ಟದ ಮೆಣಸಿಗೂ ಕಡಲ ಬಂದರಿಗೂ ನಡುವೆ ಕುಳಿತ ರಾಜ್ಯಗಳಿವು. ಸುಂಕವೇ ಇವುಗಳ ಜೀವಾಳ. 1552ರಿಂದ 1606ರವರೆಗೆ, ಎಂದರೆ 54 ವರ್ಷ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿ ಎಂದೇ ಕರೆದರು.

ಈ ಸುಂಕದ ಹಣ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿ ಕೇಳಲೇಬೇಕು. ಬಸದಿಗಳಿಗೆ ಹೋಯಿತು ಎಂಬುದು ಕಣ್ಣಿಗೆ ಕಾಣುವ ಉತ್ತರ. ಹಾಡುವಳ್ಳಿಯ ಬಸದಿಯಲ್ಲಿರುವ 24 ತೀರ್ಥಂಕರರ ಬಿಂಬಗಳನ್ನೂ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನೂ ತೋರಿಸಬಹುದು. ಕಣ್ಣಿಗೆ ಕಾಣದ ಉತ್ತರ ಹಸ್ತಪ್ರತಿಗಳಲ್ಲಿದೆ. ಸಾಳ್ವಮಲ್ಲನ ಆಸ್ಥಾನದಲ್ಲಿದ್ದ ಸಾಳ್ವ ಕವಿ 16ನೆಯ ಶತಮಾನದ ನಡುವಿನಲ್ಲಿ ‘ಸಾಳ್ವ ಭಾರತ’ವನ್ನು ಷಟ್ಪದಿಯಲ್ಲಿ ಬರೆದನು, ‘ರಸರತ್ನಾಕರ’ವೆಂಬ ಲಕ್ಷಣಗ್ರಂಥದಲ್ಲಿ ರಸವಿಚಾರವನ್ನು ಕನ್ನಡದಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಗೇರುಸೊಪ್ಪೆಯ ಸಂಬಂಧವಿದ್ದ ಅಭಿನವ ವಾದಿ ವಿದ್ಯಾನಂದನು ಪೂರ್ವಕವಿಗಳ ಪದ್ಯಗಳನ್ನು ಆಯ್ದು ‘ಕಾವ್ಯಸಾರ’ವೆಂಬ ಸಂಕಲನವನ್ನು ಸಿದ್ಧಪಡಿಸಿದನು, ಅವನು ಅನೇಕ ಆಸ್ಥಾನಗಳಲ್ಲಿ ವಾದ ಮಾಡಿ ಗೆದ್ದುದನ್ನು ಹೊಂಬುಜದ ಶಾಸನ ವರ್ಣಿಸುತ್ತದೆ. ಘಟ್ಟದ ಮೇಲೆ ಸುಧಾಪುರ ಎಂಬ ಸೋದೆಯಲ್ಲಿ ಅಕಲಂಕದೇವನ ಶಿಷ್ಯನಾದ ಭಟ್ಟಾಕಳಂಕನು 592 ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನು ರಚಿಸಿದನು. ಸೂತ್ರ, ವೃತ್ತಿ, ವ್ಯಾಖ್ಯಾನ ಮೂರೂ ಸಂಸ್ಕೃತ. ದೇಶಭಾಷೆಗೆ ಶಾಸ್ತ್ರವೇಕೆ ಎಂಬ ಆಕ್ಷೇಪವನ್ನು ಅವನೇ ಎತ್ತಿ, ಆಗಮ, ತರ್ಕ, ಕಾವ್ಯ, ನಾಟಕ, ಅಲಂಕಾರ, ಕಲಾಶಾಸ್ತ್ರಗಳಲ್ಲಿ ಕನ್ನಡದ ಗ್ರಂಥಗಳು ಎಷ್ಟಿವೆ ನೋಡಿರಿ ಎಂದು ಸಮಾಧಾನ ಹೇಳುತ್ತಾನೆ. 96,000 ಗ್ರಂಥಪ್ರಮಾಣದ ‘ಚೂಡಾಮಣಿ’ ವ್ಯಾಖ್ಯಾನವನ್ನು ಸಾಕ್ಷಿಗೆ ಕರೆಯುತ್ತಾನೆ. ಸಂಸ್ಕೃತದ ಪಂಡಿತರಿಗೆ ಅವರದೇ ಭಾಷೆಯಲ್ಲಿ ಕನ್ನಡದ ಪರವಾಗಿ ಕೊಟ್ಟ ಉತ್ತರವದು.

ಹಸ್ತಪ್ರತಿ ಬರೆಸಲು, ಮಠಗಳಲ್ಲಿ ವಿದ್ಯಾರ್ಥಿಗಳಿಗೆ ಅನ್ನವಿಡಲು, ವಾದಕ್ಕೆ ಬಂದ ವಿದ್ವಾಂಸರನ್ನು ಸತ್ಕರಿಸಲು ಬೇಕಾದ ಸಂಪತ್ತು ಈ ಸೀಮೆಗೆ ಹರಿದುಬಂದದ್ದು ಭಟ್ಕಳ, ಹೊನ್ನಾವರದಂಥ ರೇವುಗಳ ದಾರಿಯಿಂದ. ಅರಬ್ ಹಡಗಿನಲ್ಲಿ ಬಂದ ಕುದುರೆಯ ಸುಂಕವೂ, ಕೊಂಕಣಿ ವರ್ತಕನ ಅಕ್ಕಿಯ ಲಾಭವೂ, ಹವ್ಯಕ ಕೃಷಿಕನ ತೋಟದ ಮೆಣಸೂ ಕೂಡಿದಲ್ಲಿ ಕನ್ನಡದ ಲಕ್ಷಣಗ್ರಂಥ ಹುಟ್ಟಿತು ಎಂದರೆ ಅತಿಶಯೋಕ್ತಿಯಲ್ಲ. ಸಾಹಿತ್ಯಚರಿತ್ರೆಗಳು ಈ ಕವಿಗಳನ್ನು ‘ಜೈನಕವಿಗಳು’ ಎಂಬ ಒಂದೇ ಅಧ್ಯಾಯದಲ್ಲಿ, ಪಂಪ ರನ್ನರ ವಂಶದ ಕೊನೆಯ ಕುಡಿಗಳೆಂಬಂತೆ ಇಟ್ಟುಬಿಡುತ್ತವೆ. ಅವರನ್ನು ಬಂದರಿನ ಕವಿಗಳಾಗಿ ಓದಿದವರು ಕಡಿಮೆ.

1604ರಲ್ಲಿ ‘ಶಬ್ದಾನುಶಾಸನ’ ಮುಗಿಯಿತು. ಎರಡೇ ವರ್ಷಗಳ ಬಳಿಕ ಕೆಳದಿಯ ವೆಂಕಟಪ್ಪ ನಾಯಕನ ಪಡೆ ಗೇರುಸೊಪ್ಪೆಯನ್ನು ಗೆದ್ದು ಚೆನ್ನಭೈರಾದೇವಿಯನ್ನು ಸೆರೆಹಿಡಿಯಿತು. ಸೆರೆಯಲ್ಲೇ ಆಕೆಯ ಕೊನೆಯಾಯಿತು. 1623ರಲ್ಲಿ ಪಿಯೆತ್ರೊ ದೆಲ್ಲ ವಾಲೆ ಶರಾವತಿಯಗುಂಟ ಗೇರುಸೊಪ್ಪೆಗೆ ಬಂದಾಗ ಹಳೆಯ ನಗರ ಆಗಲೇ ಹಾಳುಬೀಳತೊಡಗಿತ್ತು. ಭಟ್ಕಳ ಕೆಳದಿಯ ಬಂದರಾಗಿ ಬಾಳಿತು, ಬಳಿಕ ಹೈದರ್, ಟಿಪ್ಪುವಿನ ಕೈಗೆ ಬಂತು. ಊರಿನ ಸುಲ್ತಾನ್ ಬೀದಿಯ ಹೆಸರಿನಲ್ಲಿ ಆ ಕಾಲ ಉಳಿದಿದೆ. ಭಟ್ಟಾಕಳಂಕನ ವ್ಯಾಕರಣವನ್ನು ಬಿ. ಎಲ್. ರೈಸ್ 1890ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ಮತ್ತೆ ವಿದ್ವಾಂಸರ ಕಣ್ಣಿಗೆ ಬಿತ್ತು.

ಹಾಡುವಳ್ಳಿಯಲ್ಲಿ ಸಂಜೆ ಬೇಗ ಇಳಿಯುತ್ತದೆ. ಘಟ್ಟದ ನೆರಳು ತೋಟಗಳ ಮೇಲೆ ಚಾಚಿಕೊಳ್ಳುತ್ತದೆ. ಬಸದಿಯ ಅಂಗಳದ ಶಾಸನಕಲ್ಲುಗಳನ್ನು ಓದಬೇಕೆಂದಿರುವವರು ಬೆಳಕಿರುವಾಗಲೇ ಅವುಗಳ ಮುಂದೆ ಕುಳಿತಿರಬೇಕು. ಜೊತೆಗೆ ಒಂದು ತಂಬಿಗೆ ನೀರೂ ಮೃದುವಾದ ಬಟ್ಟೆಯೂ ಇರಲಿ. ಕಲ್ಲನ್ನು ಒದ್ದೆಮಾಡಿ ಒರಸಿದಾಗ ಅಕ್ಷರಗಳು ಕೆಲವು ನಿಮಿಷ ಎದ್ದು ಕಾಣುತ್ತವೆ, ಒಣಗಿದೊಡನೆ ಮತ್ತೆ ಮಾಸುತ್ತವೆ.